ಹೈಬ್ರಿಡ್ ಕಾರಿನ ಚಿಕ್ಕ ಬ್ಯಾಟರಿ

ಪೆಟ್ರೋಲನ್ನೂ ವಿದ್ಯುಚ್ಛಕ್ತಿಯನ್ನೂ ಕೂಡಿಸಿಕೊಂಡು ನಡೆಯತಕ್ಕ ಹೈಬ್ರಿಡ್ ಎಂಬ ಮೋಟಾರುಗಾಡಿಗಳು ಈಗ ನಮ್ಮ ನಾಡಿನ ಗೃಹಸ್ಥರ ಮನೆಗಳ ಮುಂದೆಯೂ ಕಾಣಬರುತ್ತಲಿವೆ. ಜಪಾನಿನಲ್ಲಿ 1997ನೆಯ ಇಸವಿಯ ಡಿಸೆಂಬರಿನಲ್ಲಿ ಟೊಯೋಟ ಕಂಪೆನಿಯವರು ಪ್ರಿಯಸ್ ಎಂಬ ಗಾಡಿಯನ್ನು ಮಾರಾಟಕ್ಕೆ ತಂದ ಮೇಲೆ ಈ ಪದ್ಧತಿಯು ಲೋಕದಲ್ಲಿ ಹಬ್ಬಿತು. 2010ರಲ್ಲಿ ಆ ಗಾಡಿಯು ಭಾರತಕ್ಕೂ ಬಂದಿತು. 2013ರಿಂದ ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ ಕ್ಯಾಮ್ರಿ ಹೈಬ್ರಿಡ್ ಗಾಡಿಗಳ ಜೋಡಣೆಯು ಮೊದಲಾಯಿತು. ಕೊಳ್ಳುವವರೆಲ್ಲರೂ ಕೇಳುವ ಪ್ರಶ್ನೆ ಒಂದೇ: “ದೊಡ್ಡ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ?” ಚಿಕ್ಕದರ ವಿಚಾರವನ್ನು ಕೇಳುವವರು ವಿರಳ. ಆದರೆ ಚೆನ್ನಾಗಿದ್ದ ಗಾಡಿಯು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮೂಕವಾಗಿ ನಿಂತುಬಿಟ್ಟರೆ, ಮೊದಲು ಸಂಶಯಪಡಬೇಕಾದುದು ಈ ಚಿಕ್ಕದನ್ನೇ.

ಈ ಗಾಡಿಗಳಲ್ಲಿ ಬ್ಯಾಟರಿಗಳು ಎರಡು. ಚಕ್ರಗಳನ್ನು ತಿರುಗಿಸುವ ದೊಡ್ಡದು ಒಂದು. 2003ರಲ್ಲಿ ಬಂದ ಎರಡನೆಯ ತಲೆಮಾರಿನ ಪ್ರಿಯಸ್ಸಿನಲ್ಲಿ ಅದರ ಒತ್ತಡವು 201.6 ವೋಲ್ಟು. ಇನ್ನೊಂದು, ಸಾಮಾನ್ಯ ಕಾರುಗಳಲ್ಲಿರುವಂಥ 12 ವೋಲ್ಟಿನ ಸೀಸದ ಬ್ಯಾಟರಿ. ಸಾಮಾನ್ಯ ಕಾರಿನಲ್ಲಿ ಇಂಜಿನನ್ನು ಎಬ್ಬಿಸುವ ಭಾರವೆಲ್ಲ ಈ 12 ವೋಲ್ಟಿನದರ ಮೇಲೆ ಬೀಳುತ್ತದೆ. ಪ್ರಿಯಸ್ಸಿನಂಥ ಗಾಡಿಯಲ್ಲಿ ಹಾಗಲ್ಲ. ಅಲ್ಲಿ ಸ್ಟಾರ್ಟರ್ ಮೋಟಾರೂ ಇಲ್ಲ, ಆಲ್ಟರ್ನೇಟರೂ ಇಲ್ಲ. ಇಂಜಿನನ್ನು ಎಬ್ಬಿಸುವುದು ದೊಡ್ಡ ಬ್ಯಾಟರಿಯೇ. ಚಿಕ್ಕದಕ್ಕೆ ಉಳಿದ ಕೆಲಸವೆಂದರೆ ಬಾಗಿಲುಗಳ ಬೀಗ, ದೀಪ, ಗಾಡಿಯೊಳಗಿನ ಗಣಕಯಂತ್ರಗಳು ಇವುಗಳಿಗೆ ಪ್ರವಾಹವನ್ನೊದಗಿಸುವುದು, ಮತ್ತು ದೊಡ್ಡ ಬ್ಯಾಟರಿಯನ್ನು ಗಾಡಿಗೆ ಸೇರಿಸುವ ರಿಲೇಗಳನ್ನು ಮುಚ್ಚುವುದು. ಕಣಜದ ತುಂಬ ಬತ್ತವಿದ್ದರೂ ಬೀಗದ ಕೈ ಕಳೆದರೆ ಅಂದು ಮನೆಯವರು ಉಪವಾಸವಿರಬೇಕಾಗುವುದಷ್ಟೆ. ಹಾಗೆಯೇ ದೊಡ್ಡ ಬ್ಯಾಟರಿಯು ಪೂರ್ಣವಾಗಿದ್ದರೂ ಚಿಕ್ಕದು ಬರಿದಾದರೆ ಗಾಡಿಯು ಕದಲದು.

ಸಾಮಾನ್ಯ ಕಾರಿನ ಬ್ಯಾಟರಿಯು ಸಾಯುವುದಕ್ಕೆ ಮೊದಲು ನರಳುತ್ತದೆ. ಇಂಜಿನು ಏಳಲು ತಡವಾಗುತ್ತದೆ, ಸದ್ದು ಬದಲಾಗುತ್ತದೆ, ಯಜಮಾನನು ಎಚ್ಚರಗೊಳ್ಳುವನು. ಹೈಬ್ರಿಡ್ಡಿನ ಚಿಕ್ಕ ಬ್ಯಾಟರಿಗೆ ಅಂಥ ಭಾರವಾದ ಕೆಲಸವಿಲ್ಲದ ಕಾರಣ ಅದು ಅರ್ಧ ಸತ್ತಿದ್ದರೂ ನಿತ್ಯದ ಕೆಲಸವನ್ನು ಸಾಗಿಸಿಬಿಡುತ್ತದೆ. ಸೋಮವಾರ ಚೆನ್ನಾಗಿದ್ದುದು ಮಂಗಳವಾರ ಬಾಗಿಲನ್ನೇ ತೆರೆಯದು. ಆ ದಿನ ಆಫೀಸಿಗೆ ಹೋಗಬೇಕಾಗಿದ್ದರೆ ಆಟೋ ಹಿಡಿದರಾಯಿತು. ನಡುರಾತ್ರಿಯಲ್ಲಿ ವೃದ್ಧರಾದ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದರೆ ಏನು ಗತಿ?

ಇದರಿಂದ ಒದಗುವ ಮತ್ತೊಂದು ಅಪಾಯವು ಹಣಕ್ಕೆ ಸಂಬಂಧಿಸಿದ್ದು. 12 ವೋಲ್ಟು ಕುಸಿದಾಗ ಗಣಕಯಂತ್ರಗಳು ಗಲಿಬಿಲಿಗೊಂಡು ಬ್ರೇಕು, ಸ್ಟಿಯರಿಂಗು, ಹೈಬ್ರಿಡ್ ವ್ಯವಸ್ಥೆ ಎಲ್ಲವುಗಳ ಎಚ್ಚರಿಕೆಯ ದೀಪಗಳೂ ಒಮ್ಮೆಗೇ ಉರಿಯುವುದುಂಟು. ಅದನ್ನು ನೋಡಿ ಯಾರಾದರೂ “ದೊಡ್ಡ ಬ್ಯಾಟರಿ ಹೋಗಿದೆ, ಸ್ವಾಮಿ” ಎಂದರೆ ಕೂಡಲೆ ಒಪ್ಪಕೂಡದು. ಚಿಕ್ಕದಕ್ಕೆ ಸಾವಿರಗಳಲ್ಲಿ ಮುಗಿಯುವ ವೆಚ್ಚವು ದೊಡ್ಡದಕ್ಕೆ ಲಕ್ಷವನ್ನು ಮುಟ್ಟಬಹುದು. ಮೊದಲು 12 ವೋಲ್ಟಿನದನ್ನು ಪರೀಕ್ಷಿಸಿರೆಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಇನ್ನು ಅದು ಬರಿದಾಗುವ ಬಗೆ. ಗಾಡಿಯು ನಿಂತಿರುವಾಗಲೂ ಗಡಿಯಾರ, ಕಳ್ಳರ ಎಚ್ಚರಿಕೆಯ ಯಂತ್ರ, ಬೀಗದ ಕೈಯ ಸಂಜ್ಞೆಗೆ ಕಿವಿಗೊಟ್ಟಿರುವ ಯಂತ್ರ ಇವು ಸ್ವಲ್ಪ ಸ್ವಲ್ಪವಾಗಿ ಪ್ರವಾಹವನ್ನು ಹೀರುತ್ತಲೇ ಇರುತ್ತವೆ. ಅದು 30 ಮಿಲಿ ಆಂಪಿಯರು ಮಾತ್ರವೆಂದು ಇಟ್ಟುಕೊಂಡರೂ ದಿನವೊಂದಕ್ಕೆ 0.72 ಆಂಪಿಯರ್-ಗಂಟೆ, 30 ದಿನಗಳಿಗೆ 21.6 ಆಯಿತು. 45 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಹತ್ತಿರ ಹತ್ತಿರ ಅರ್ಧ! ಬೇಸಗೆಯ ರಜೆಗೆ ಊರಿಗೆ ಹೋಗಿ ಬಂದವರ ಗಾಡಿ ಏಕೆ ಏಳದೆಂಬುದು ಈ ಲೆಕ್ಕದಿಂದ ವೇದ್ಯವಾಗುವುದು. ಹೀಗೆ ಬರಿದಾಗಿ ಉಳಿದ ಸೀಸದ ಫಲಕಗಳ ಮೇಲೆ ಗಂಧಕದ ಲವಣವು ಗಟ್ಟಿಯಾಗಿ ಕೂತುಬಿಡುವುದರಿಂದ, ಒಂದೆರಡು ಸಲ ಪೂರ್ತಿ ಬತ್ತಿದ ಬ್ಯಾಟರಿಯು ಮತ್ತೆ ಮೊದಲಿನಂತಾಗುವುದಿಲ್ಲ.

ಚಿಕ್ಕ ಬ್ಯಾಟರಿಗೆ ದೊಡ್ಡದರಿಂದ ಪ್ರವಾಹವು ಮರಳಿ ತುಂಬುವುದು ಗಾಡಿಯಲ್ಲಿ ‘ರೆಡಿ’ ಎಂಬ ದೀಪವು ಹೊತ್ತಿರುವಾಗ. ರೆಡಿಯಿಲ್ಲದೆ ಬರಿಯ ರೇಡಿಯೋ ಹಾಕಿಕೊಂಡು ಮಕ್ಕಳು ಗಾಡಿಯಲ್ಲಿ ಕುಳಿತರೆ ಖರ್ಚುಂಟು, ಜಮೆಯಿಲ್ಲ. ಆದುದರಿಂದ ಓಡಾಟವಿಲ್ಲದ ದಿನಗಳಲ್ಲಿ ವಾರಕ್ಕೊಮ್ಮೆ ಗಾಡಿಯನ್ನು ರೆಡಿಗೆ ತಂದು ಒಂದು ಗಂಟೆಯ ಕಾಲ ಬಿಡುವುದು ಒಳ್ಳೆಯದು. ಒಂದು ಸುತ್ತು ತಿರುಗಿಸಿ ತರುವುದು ಇನ್ನೂ ಒಳ್ಳೆಯದು. ಆದರೆ ನಡುವೆ ಇಂಜಿನು ತಾನಾಗಿಯೇ ಎದ್ದು ವಿಷವಾಯುವನ್ನು ಹೊರಬಿಡುವುದರಿಂದ ಮುಚ್ಚಿದ ಷೆಡ್ಡಿನಲ್ಲಿ ಈ ಕೆಲಸವನ್ನು ಸರ್ವಥಾ ಮಾಡಕೂಡದು. ಬೀಗದ ಕೈಯನ್ನು ಗಾಡಿಯ ಸಮೀಪದ ಗೋಡೆಗೆ ತೂಗುಹಾಕದೆ ಮನೆಯ ಒಳಗಡೆ ಇಡುವುದೂ ಲೇಸು.

ಪರೀಕ್ಷೆಯು ಕಷ್ಟದ್ದಲ್ಲ. ಅಂಗಡಿಯಲ್ಲಿ ಸುಲಭ ಬೆಲೆಗೆ ದೊರೆಯುವ ಮಲ್ಟಿಮೀಟರೊಂದು ಸಾಕು. ರಾತ್ರಿಯೆಲ್ಲ ನಿಂತಿದ್ದ ಗಾಡಿಯಲ್ಲಿ ಬೆಳಗ್ಗೆ ಅಳೆದಾಗ 12.6 ಅಥವಾ ಹೆಚ್ಚು ಬಂದರೆ ಬ್ಯಾಟರಿ ತುಂಬಿದೆ, 12.2ರ ಸುಮಾರಿಗೆ ಇದ್ದರೆ ಅರ್ಧ. 12ಕ್ಕಿಂತ ಇಳಿದಿದ್ದರೆ ಬರಿದೆಂದೇ ತಿಳಿಯಬೇಕು. ಬಾಗಿಲು ತೆರೆದೊಡನೆ ಗಣಕಯಂತ್ರಗಳು ಎಚ್ಚೆತ್ತು ಪ್ರವಾಹವನ್ನೆಳೆಯುವುದರಿಂದ, ತೆರೆದ ಮೇಲೆ ಕೆಲವು ನಿಮಿಷ ಕಾದು ಅಳೆಯತಕ್ಕದ್ದು. ರೆಡಿಯಲ್ಲಿರುವಾಗ ಸುಮಾರು 14 ವೋಲ್ಟು ತೋರದಿದ್ದರೆ ದೋಷವು ತುಂಬುವ ಯಂತ್ರದಲ್ಲಿರಬಹುದು. ಬ್ಯಾಟರಿಯನ್ನು ಬದಲಿಸಿ ಪ್ರಯೋಜನವಿಲ್ಲ.

ಬದಲಿಸುವುದು ಯಾವಾಗ? ಸಾಮಾನ್ಯವಾಗಿ ಇದರ ಆಯುಸ್ಸು 3ರಿಂದ 5 ವರ್ಷ. ಉಷ್ಣವು ಇದಕ್ಕೆ ಪರಮಶತ್ರು. ಕಲಬುರ್ಗಿ, ರಾಯಚೂರುಗಳ ಬಿಸಿಲಿನಲ್ಲಿ ನಿಲ್ಲುವ ಗಾಡಿಯವರು ಮೈಸೂರಿನವರಷ್ಟು ಕಾಲವನ್ನು ನಿರೀಕ್ಷಿಸಬಾರದು. ಮೂರು ವರ್ಷ ಕಳೆದ ಮೇಲೆ ಪ್ರತಿ ಸರ್ವೀಸಿನಲ್ಲಿಯೂ ಭಾರ ಹಾಕಿ ಪರೀಕ್ಷಿಸುವಂತೆ ಹೇಳಬೇಕು. ಪೂರ್ತಿ ತುಂಬಿದ ಬ್ಯಾಟರಿಯು ಒಂದೇ ರಾತ್ರಿಯಲ್ಲಿ 12.4ಕ್ಕಿಂತ ಕೆಳಗಿಳಿದರೂ, ಪೆಟ್ಟಿಗೆಯು ಉಬ್ಬಿದರೂ, ಐದು ವರ್ಷ ದಾಟಿದರೂ ಬದಲಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಇನ್ನೊಂದು ಮಳೆಗಾಲ ನೋಡೋಣವೆಂಬ ಜಿಪುಣತನವು ಇಲ್ಲಿ ಲಾಭಕರವಲ್ಲ.

ಹೊಸದನ್ನು ಕೊಳ್ಳುವಾಗ ಅಂಗಡಿಯವನು ಕೊಟ್ಟುದನ್ನು ತಂದು ಕೂರಿಸಕೂಡದು. ಹಳೆಯ ಪ್ರಿಯಸ್ಸುಗಳಲ್ಲಿ ಈ ಬ್ಯಾಟರಿಯು ಹಿಂಬದಿಯ ಸಾಮಾನಿನ ಅಂಕಣದ ಮೂಲೆಯಲ್ಲಿ, ಅಂದರೆ ಜನರು ಕುಳಿತುಕೊಳ್ಳುವ ಅಂಕಣದೊಳಗೇ ಇದೆ. ಆದ್ದರಿಂದ ಅಲ್ಲಿಗೆ ಆಮ್ಲವು ಚೆಲ್ಲದ ಎ.ಜಿ.ಎಂ. ಎಂಬ ಜಾತಿಯದೇ ಬೇಕು. ಅನಿಲವನ್ನು ಹೊರಗೊಯ್ಯುವ ಕೊಳವೆಯನ್ನು ಮರೆಯದೆ ಸಿಕ್ಕಿಸಬೇಕು. ಕಳಚುವಾಗ ಋಣಧ್ರುವ ಮೊದಲು, ಜೋಡಿಸುವಾಗ ಅದೇ ಕಡೆಯದು. ಕಿತ್ತಳೆ ಬಣ್ಣದ ತಂತಿಗಳು ದೊಡ್ಡ ಬ್ಯಾಟರಿಯವು; ಅವು ಪ್ರಾಣಾಂತಿಕ, ಮುಟ್ಟಲೇಬಾರದು. ಹಳೆಯದನ್ನು ಗುಜರಿಯವನಿಗೆ ಕೊಡದೆ ಮಾರಿದವರಿಗೇ ಹಿಂದಿರುಗಿಸತಕ್ಕದ್ದು. 2022ರ ಬ್ಯಾಟರಿ ತ್ಯಾಜ್ಯದ ನಿಯಮಗಳ ಉದ್ದೇಶವೂ ಅದೇ.

ದಾರಿಯಲ್ಲಿ ಬ್ಯಾಟರಿ ಸತ್ತರೆ ಬೇರೊಂದು 12 ವೋಲ್ಟಿನ ಬ್ಯಾಟರಿಯಿಂದ ತಂತಿಯೆಳೆದು ರೆಡಿಗೆ ತರಬಹುದು. ಬೇಕಾಗುವ ಪ್ರವಾಹವು ಅಲ್ಪವೇ. ಆದರೆ ಧನ ಋಣಗಳು ಅದಲುಬದಲಾದರೆ ಬೆಲೆಯುಳ್ಳ ಯಂತ್ರಗಳು ಸುಟ್ಟುಹೋಗುತ್ತವೆ. ತಮ್ಮ ಹೈಬ್ರಿಡ್ಡಿನಿಂದ ನೆರೆಯವರ ಕಾರನ್ನು ಎಬ್ಬಿಸಲು ಹೋಗುವ ಪರೋಪಕಾರವೂ ಬೇಡ; ಅವರ ಇಂಜಿನು ಎಳೆಯುವ ನೂರಾರು ಆಂಪಿಯರನ್ನು ಕೊಡುವುದಕ್ಕಾಗಿ ಇದು ಹುಟ್ಟಿದ್ದಲ್ಲ.

ಕಡೆಯದಾಗಿ, ಬ್ಯಾಟರಿಯು ಸತ್ತಾಗ ಗುಂಡಿಯೊತ್ತಿದರೆ ಬಾಗಿಲು ತೆರೆಯದೆಂಬುದನ್ನು ಮನೆಯವರೆಲ್ಲರೂ ಅರಿತಿರಬೇಕು. ಬೀಗದ ಕೈಯ ಗೂಡಿನೊಳಗೆ ಲೋಹದ ಸಣ್ಣ ಕೀಲಿಯೊಂದು ಅಡಗಿರುತ್ತದೆ. ಅದರಿಂದ ಚಾಲಕನ ಬಾಗಿಲನ್ನು ತೆರೆಯಬಹುದು. ಪ್ರಿಯಸ್ಸಿನಲ್ಲಿ ಹಿಂಬಾಗಿಲನ್ನು ಬಿಚ್ಚುವ ಸನ್ನೆಯು ಒಳಗಡೆ ಮುಚ್ಚಳವೊಂದರ ಹಿಂದಿದೆ. ಒಂದು ಭಾನುವಾರ ಗಾಡಿಯ ಕೈಪಿಡಿಯನ್ನು ಮುಂದಿಟ್ಟುಕೊಂಡು ಇವೆರಡನ್ನೂ ಹುಡುಕಿ ಅಭ್ಯಾಸ ಮಾಡಿಟ್ಟುಕೊಳ್ಳಿರಿ.