ಭಂಗಾರವೋ, ಬಂಗಾರವೋ?



ನಿಲಂಗಾ, ಉಮರ್ಗಾ, ಉದಗೀರ ಸೀಮೆಯ ಹಳೆಯ ಮನೆಗಳಲ್ಲಿ ಒಮ್ಮೊಮ್ಮೆ ಅಜ್ಜನ ಕಾಲದ ಫಟಫಟಿಯೊಂದು ದನದ ಕೊಟ್ಟಿಗೆಯ ಮೂಲೆ ಹಿಡಿದು ನಿಂತಿರುತ್ತದೆ. ಸೀಟಿನ ಮೇಲೆ ಕೋಳಿ ಕೂತಿರುತ್ತದೆ. ಓಣಿಯಲ್ಲಿ ಭಂಗಾರದವನ ಕೂಗು ಕೇಳಿದರೆ ಮನೆಯವರ ಕಣ್ಣು ಅದರ ಕಡೆ ಹೊರಳುತ್ತದೆ. ಮರಾಠಿಯ ಭಂಗಾರ ಗುಜರಿ, ಕನ್ನಡದ ಬಂಗಾರ ಚಿನ್ನ. ಎರಡೂ ಭಾಷೆ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಕಕ್ಕೆ ಹಾಕುವ ಮೊದಲು ಜುಲೈ ತಿಂಗಳಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಬೆಂಗಳೂರಿಗೆ ಹೋಗಿ ಬನ್ನಿರಿ. ಉದಗೀರದಿಂದ ಬೀದರ ಮಾರ್ಗವಾಗಿ ರೈಲು ಇದೆ.

ಜುಲೈ ತಿಂಗಳ ಎರಡನೆಯ ರವಿವಾರ ಜಾವಾ ದಿನ. ಹಳೆಯ ಜಾವಾ, ಯೆಜ್ಡಿ ಗಾಡಿಗಳ ಮಾಲೀಕರು ಅಂದು ಗಾಡಿ ತೊಳೆದು, ಒರೆಸಿ, ಒಂದೆಡೆ ಸೇರುತ್ತಾರೆ. ನಮ್ಮ ಕಡೆ ದನದ ಜಾತ್ರೆಯಲ್ಲಿ ದೇವಣಿ ಹೋರಿಯ ಬಾಯಿ ತೆರೆದು ಹಲ್ಲು ನೋಡುವುದಿಲ್ಲವೇ, ಹಾಗೆ ಇಲ್ಲಿ ಬಲ್ಲವರು ಬಗ್ಗಿ ಇಂಜಿನ್ನಿನ ನಂಬರು ಓದುತ್ತಾರೆ. ಒಂದು ದಿನ ಮೊದಲೇ ಶನಿವಾರ ಊರು ಮುಟ್ಟಿದರೆ ಹಳೆಯ ಮೆಕ್ಯಾನಿಕ್ಕುಗಳನ್ನು ಹುಡುಕಿ ಮಾತಾಡಿಸಬಹುದು. ನನ್ನನ್ನು ಕೇಳಿದರೆ ಮೆರವಣಿಗೆಗಿಂತ ಆ ಮಾತೇ ಹೆಚ್ಚು ಲಾಭದ್ದು.

ಈ ಗಾಡಿಗಳ ತವರು ಮೈಸೂರು. ಜಾವಾ ಮೂಲತಃ ಜೆಕ್ ದೇಶದ್ದು. ಯಾನೆಚೆಕ್ ಎಂಬ ಕಾರಖಾನೆದಾರ ಮತ್ತು ವಾಂಡರರ್ ಎಂಬ ಜರ್ಮನ್ ಕಂಪನಿ, ಈ ಎರಡು ಹೆಸರುಗಳ ಮೊದಲಕ್ಷರ ಕೂಡಿಸಿ 1929ರಲ್ಲಿ ಆದ ಹೆಸರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರಖಾನೆ 1961ರಲ್ಲಿ ಗಾಡಿ ತಯಾರಿಸತೊಡಗಿತು. ಮುಂದೆ ಅದೇ ಕಾರಖಾನೆಯ ಗಾಡಿಗಳು ಯೆಜ್ಡಿ ಆದವು. 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರಖಾನೆಯ ಬಾಗಿಲು ಮುಚ್ಚಿತು. 2018ರ ನಂತರ ಅದೇ ಹೆಸರುಗಳಲ್ಲಿ ಹೊಸ ಗಾಡಿಗಳು ಬಂದಿವೆ, ಆದರೆ ಅವುಗಳ ಇಂಜಿನ್ನೇ ಬೇರೆ.

ಹಳೆಯದು ಎರಡು ಸ್ಟ್ರೋಕಿನ ಇಂಜಿನ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಗೇರು. ಈ ಇಂಜಿನ್ನಿಗೆ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗಬೇಕು, ಲೀಟರಿಗೆ ಸುಮಾರು 40 ಮಿಲಿಲೀಟರ್. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಗೆ ಹುಡುಗರು ಒಮ್ಮೆಲೆ ಕಿಕ್ ಹೊಡೆಯುವುದೂ ತಪ್ಪು. ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಒಂದು ಚಮಚ ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಮೆಲ್ಲಗೆ ಕೈಯಿಂದ ತಿರುಗಿಸಿ ನೋಡಿ.

ಇನ್ನು ಕಾಗದಪತ್ರದ ಮಾತು. ಗಡಿಯವರಾದ ನಮಗೆ ತೊಡಕು ಇರುವುದು ಇಲ್ಲಿಯೇ. ಲಾತೂರ ಜಿಲ್ಲೆ ಆದದ್ದು 1982ರಲ್ಲಿ; ಅದಕ್ಕೂ ಮೊದಲು ನಿಲಂಗಾ, ಉದಗೀರ ಎರಡೂ ಉಸ್ಮಾನಾಬಾದಿಗೆ, ಅಂದರೆ ಈಗಿನ ಧಾರಾಶಿವಕ್ಕೆ ಸೇರಿದ್ದವು. ಅಜ್ಜನ ಆರ್.ಸಿ. ಪುಸ್ತಕದಲ್ಲಿ ಆ ಊರಿನ ಮುದ್ರೆ ಇದ್ದರೆ ಗಾಬರಿಯಾಗಬೇಡಿ. ಬೀದರಿನಲ್ಲಿ ಕೊಂಡ ಗಾಡಿಯಾದರೆ ಕರ್ನಾಟಕದ ದಾಖಲೆ ಇರುತ್ತದೆ. ಅದನ್ನು ಇಲ್ಲಿಗೆ ತರಲು ಅಲ್ಲಿನ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು.

ಕೇಂದ್ರ ಸರಕಾರ 2021ರಲ್ಲಿ ವಿಂಟೇಜ್ ಗಾಡಿಗಳಿಗೆಂದೇ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿಯೇ ಇರಬೇಕು. ಹೊಸದಾಗಿ ವಿಂಟೇಜ್ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹಳೆಯ ನಂಬರು ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ಗಾಡಿಯ ಮೇಲೆ ದಿನಾಲು ಹೊಲಕ್ಕೆ ಹೋಗಿಬರುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ಮಾತ್ರ ರಸ್ತೆಗೆ ಇಳಿಸಬೇಕು. ದಿನನಿತ್ಯ ಓಡಿಸುವ ಆಸೆ ಇದ್ದವರು ಸಾಮಾನ್ಯ ಆರ್.ಸಿ.ಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು.

ಅದಕ್ಕೇ ಹೇಳುವುದು, ಬೆಂಗಳೂರಿಗೆ ಹೊರಡುವಾಗ ಆರ್.ಸಿ.ಯ ಜೆರಾಕ್ಸ್ ಜೊತೆಗಿರಲಿ. ಇಂಜಿನ್ ಮತ್ತು ಚಾಸಿಸ್ ನಂಬರಿನ ಮೇಲಿನ ತುಕ್ಕನ್ನು ಅರ ಹಾಕಿ ಉಜ್ಜಬೇಡಿ, ಅಂಕಿ ಅಳಿಸಿಹೋಗುತ್ತದೆ. ಸೀಮೆಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ, ಫೋಟೋ ತೆಗೆದುಕೊಳ್ಳಿ. ಗಾಡಿ ಕೊಳ್ಳುತ್ತೇನೆಂದು ಯಾರಾದರೂ ಗಂಟುಬಿದ್ದರೆ ಅಲ್ಲಿಯೇ ಮಾತು ಕೊಡದೆ, ಮನೆಯಲ್ಲಿ ಹಿರಿಯರನ್ನು ಕೇಳಿ ಹೇಳುತ್ತೇವೆ ಅನ್ನಿ.