ಹಲ್ಲಿಗಳಿಗೊಂದು ಸೂರ್ಯ

ಶಾಲೆಗೆ ಹೋಗುವ ವಯಸ್ಸಿನಲ್ಲಿ ಜೋನ್ ಪ್ರಾಕ್ಟರ್ ತಾನು ಸಾಕಿದ್ದ ಮೊಸಳೆಮರಿಯನ್ನು ಗಣಿತದ ತರಗತಿಗೇ ಹೊತ್ತೊಯ್ದಿದ್ದಳಂತೆ. ಸದಾ ಕಾಡುತ್ತಿದ್ದ ಕಾಯಿಲೆಯಿಂದ ಕೇಂಬ್ರಿಡ್ಜ್ ಕೈತಪ್ಪಿತು. ಆದರೂ 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗ ಆಕೆಯ ಸುಪರ್ದಿಗೆ ಬಂತು.

ಅಲ್ಲಿ 1927ರಲ್ಲಿ ತೆರೆದ ಹೊಸ ಸರೀಸೃಪ ಭವನ ಪ್ರಾಕ್ಟರ್ ಅವರ ವಿನ್ಯಾಸ. ಇಡೀ ಕಟ್ಟಡಕ್ಕೆ ಒಂದೇ ಕಾವು ಸಲ್ಲದು, ಆಯಾ ಪ್ರಾಣಿಗೆ ಬೇಕಾದ ಕಡೆ ಬೇಕಾದಷ್ಟೇ ಬಿಸಿ ಸಿಗಬೇಕೆಂಬುದು ಆಕೆಯ ಹಟ. ಬೆಳಕಿಗಾಗಿ ಅತಿನೇರಳೆ ಕಿರಣಗಳನ್ನು ಒಳಬಿಡುವ 'ವೀಟಾ ಗ್ಲಾಸ್' ಹಾಕಿಸಿದರು. ಎಂಟು ವರ್ಷ ಹಿಂದಷ್ಟೇ ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್‌ಸ್ಕಿ, ಪಾದರಸದ ದೀಪದ ಬೆಳಕಿನಿಂದ ಮಕ್ಕಳ ಮೂಳೆರೋಗ ರಿಕೆಟ್ಸ್ ಗುಣವಾಗುತ್ತದೆಂದು ತೋರಿಸಿದ್ದ. ಹಲ್ಲಿಯ ಮೂಳೆಗೂ ಅದೇ ನ್ಯಾಯ. ಅತಿನೇರಳೆಯ ಒಂದು ಭಾಗವಾದ ಯುವಿಬಿ ಬಿದ್ದಾಗ ಚರ್ಮದಲ್ಲಿ ವಿಟಮಿನ್ ಡಿ3ಯ ಪೂರ್ವರೂಪ ಹುಟ್ಟುತ್ತದೆ, ಮೈ ಬೆಚ್ಚಗಿದ್ದರೆ ಅದು ಡಿ3 ಆಗುತ್ತದೆ. ಕೊರತೆಯಾದರೆ ದವಡೆ ಮೆತ್ತಗಾಗಿ, ಕಾಲು ಸೊಟ್ಟಗಾಗುತ್ತದೆ. ಮಾಮೂಲಿ ಕಿಟಕಿ ಗಾಜು ಈ ಕಿರಣಗಳನ್ನು ಬಹುಪಾಲು ತಡೆದುಬಿಡುತ್ತದೆ. ವೀಟಾ ಗ್ಲಾಸೂ ಬಿಸಿಲಿಗೆ ಬಿದ್ದು ಬಿದ್ದು ಸತ್ವ ಕಳೆದುಕೊಳ್ಳುತ್ತಿತ್ತೆನ್ನಿ.

ಆ ಭವನದ ಕೊಮೊಡೊ ಡ್ರ್ಯಾಗನ್ 'ಸುಂಬಾವಾ' ಆಕೆಯ ಕೈತುತ್ತು ತಿನ್ನುತ್ತಿತ್ತು, ನಾಯಿಯ ಹಾಗೆ ಹಿಂದೆ ಸುತ್ತುತ್ತಿತ್ತು. ಪ್ರಾಕ್ಟರ್ 1931ರಲ್ಲಿ ತೀರಿಕೊಂಡಾಗ ವಯಸ್ಸು 34.

ನಂತರದ ದಶಕಗಳನ್ನು ಹಾರಿಸಿ ಓದಿದರೂ ನಷ್ಟವಿಲ್ಲ. ಅರವತ್ತು ಎಪ್ಪತ್ತರ ದಶಕದಲ್ಲಿ 'ಪೂರ್ಣ ವರ್ಣಪಟಲ' ಎಂಬ ಹೆಸರು ಹೊತ್ತ ಟ್ಯೂಬ್‌ಲೈಟುಗಳು ಬಂದವು. ಅವುಗಳಲ್ಲಿ ಯುವಿಬಿ ಇದ್ದದ್ದು ಅತ್ಯಲ್ಪ, ಜಾಹೀರಾತು ಮಾತ್ರ ಧಾರಾಳ. ಸಾಕುವವರೋ ವಾಟ್ ನೋಡಿ ಬಲ್ಬ್ ಕೊಳ್ಳುವುದನ್ನು ಕಲಿತರು, ತೊಟ್ಟಿಯನ್ನು ಕಿಟಕಿಯ ಪಕ್ಕಕ್ಕಿಟ್ಟು ಬಿಸಿಲು ಸಿಕ್ಕಿತೆಂದು ಸಮಾಧಾನಪಟ್ಟುಕೊಂಡರು. ಪ್ರಾಕ್ಟರ್ ಗಾಜು ಬದಲಿಸಿದ್ದು ಏಕೆಂದು ಯಾರೂ ಕೇಳಲಿಲ್ಲವೆಂಬುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಮುಂದೆ, ಈ ಶತಮಾನದ ಮೊದಲ ದಶಕದಲ್ಲಿ, ಕೆಲವು ಪುಟ್ಟ ಕಾಂಪ್ಯಾಕ್ಟ್ ದೀಪಗಳು ತದ್ವಿರುದ್ಧವಾಗಿ ಅತಿ ತೀಕ್ಷ್ಣ ಕಿರಣ ಸೂಸಿ ಹಲ್ಲಿಗಳ ಕಣ್ಣನ್ನೇ ಸುಟ್ಟವು. ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಬೇನ್ಸ್ ಮೀಟರ್ ಹಿಡಿದು ದೀಪಗಳನ್ನು ಅಳೆಯುತ್ತ ಹೋದರು.

ಯಾವ ಪ್ರಾಣಿಗೆ ಎಷ್ಟು ಕಿರಣ ಬೇಕೆಂಬುದಕ್ಕೆ ಉತ್ತರ ಸಿಕ್ಕಿದ್ದು ಬಯಲಿನಲ್ಲಿ. ಸಂಶೋಧಕ ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು ಹಲ್ಲಿ, ಹಾವುಗಳು ತಾವಾಗಿಯೇ ಮೈಯೊಡ್ಡುವ ಜಾಗಗಳಲ್ಲಿ ಯುವಿ ಸೂಚ್ಯಂಕ ಅಳೆದು, 2010ರಲ್ಲಿ ನಾಲ್ಕು ವಲಯ ಮಾಡಿದರು. ನೆರಳಲ್ಲೇ ಬದುಕುವವಕ್ಕೆ ಸರಾಸರಿ 0.7ರೊಳಗೆ, ನಡು ಬಿಸಿಲಲ್ಲಿ ಕಾಯುವವಕ್ಕೆ 2.6ರಿಂದ 3.5. ಮುಸ್ಸಂಜೆಗೆ ಹೊರಬೀಳುವ ಲೆಪರ್ಡ್ ಗೆಕ್ಕೊ ಮೊದಲ ವಲಯದ್ದು, ಬಿಯರ್ಡೆಡ್ ಡ್ರ್ಯಾಗನ್ ಮೂರನೆಯದು. ಇಬ್ಬರಿಗೂ ಒಂದೇ ಟ್ಯೂಬ್ ಮಾರುವ ಅಂಗಡಿಯವನನ್ನು ಏನನ್ನೋಣ? ಟ್ಯೂಬು ಕಣ್ಣಿಗೆ ಬೆಳಗುತ್ತಿದ್ದರೂ ಯುವಿಬಿ ಇಳಿದುಹೋಗಿರಬಹುದು, ತೊಟ್ಟಿಯ ಮೇಲಿನ ಜಾಲರಿ ಒಂದಷ್ಟನ್ನು ತಿಂದಿರಬಹುದು. ಹಾಗಾಗಿ ಮೀಟರನ್ನು ಹಿಡಿಯಬೇಕಾದ್ದು ದೀಪದ ಬಾಯಿಗಲ್ಲ, ಜಾಲರಿಯ ಒಳಗೆ, ಹಲ್ಲಿಯ ಬೆನ್ನು ಬರುವ ಎತ್ತರಕ್ಕೆ. ಇನ್ನೊಂದು ತುದಿಯಲ್ಲಿ ನೆರಳಿರಲಿ, ಸಾಕೆನಿಸಿದಾಗ ಅದು ಅಲ್ಲಿಗೆ ಹೋಗುತ್ತದೆ.