ಕೊನೆಯಿಲ್ಲದ ಸುತ್ತು

ಒಂದು ವಸ್ತುವನ್ನು ಮತ್ತೊಂದರ ಸಂಬಂಧದಿಂದ ಅರಿಯುವುದು ಮನುಷ್ಯನಿಗೆ ಸಹಜವಾದ ಕ್ರಮ. ಗುಂಡ್ಲುಪೇಟೆ ಎಲ್ಲಿದೆಯೆಂದು ಕೇಳಿದರೆ, 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯಲ್ಲಿದೆ ಎನ್ನುತ್ತೇವೆ. ಆ ಜಿಲ್ಲೆ ಯಾವುದೆಂದರೆ, ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ಮತ್ತು ಹನೂರು ತಾಲ್ಲೂಕುಗಳು ಸೇರಿದ ಪ್ರದೇಶವೆನ್ನುತ್ತೇವೆ. ಕೇಳಿದವನು ಅಷ್ಟಕ್ಕೇ ತೃಪ್ತನಾಗುತ್ತಾನೆ. 'ಈ ಗುಂಡ್ಲುಪೇಟೆ ಎಲ್ಲಿದೆ?' ಎಂದು ಪುನಃ ಕೇಳುವುದಿಲ್ಲ. ಗಣಕಯಂತ್ರಕ್ಕೆ ಈ ವಿವೇಕ ತಾನಾಗಿಯೇ ಬರುವುದಿಲ್ಲ, ನಾವು ಕಲಿಸಬೇಕು.

ಕರ್ನಾಟಕದಲ್ಲಿ 2000ದ ಸುಮಾರಿಗೆ 'ಭೂಮಿ' ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಬೆಳೆಸಾಲಕ್ಕೂ ಜಮೀನಿನ ವ್ಯವಹಾರಕ್ಕೂ ರೈತನಿಗೆ ಪಹಣಿ ಬೇಕೇ ಬೇಕು. ಒಬ್ಬ ರೈತನಿಗೆ ಹಲವು ಸರ್ವೆ ನಂಬರುಗಳಲ್ಲಿ ಜಮೀನಿರಬಹುದು. ಒಂದೇ ಸರ್ವೆ ನಂಬರು ಅಣ್ಣತಮ್ಮಂದಿರಿಗೆ ಜಂಟಿಯಾಗಿಯೂ ಇರಬಹುದು. ಇಂತಹ ಮಾಹಿತಿಯನ್ನು ಕೂಡಿಡುವ ಡೇಟಾಬೇಸಿನಲ್ಲಿ 'ಇಂಥ ರೈತನಿಗೆ ಇಂಥ ಸರ್ವೆ ನಂಬರು' ಎಂಬ ಜೋಡಿಗಳನ್ನು ಮಾತ್ರ ಬರೆದಿಟ್ಟರೆ ಸಾಕು. ಹಾಗೆ ಬರೆದಿಟ್ಟಿರುವಷ್ಟು ಕಾಲ ಯಾವ ತೊಡಕೂ ಇಲ್ಲ. ತೊಡಕು ಹುಟ್ಟುವುದು ಅದನ್ನು ಓದುವ ಕ್ರಮದಲ್ಲಿ.

ಗುಂಡ್ಲುಪೇಟೆಯ ಒಬ್ಬ ರೈತನ ವಿವರವನ್ನು ಮುದ್ರಿಸಬೇಕೆಂದು ಊಹಿಸಿಕೊಳ್ಳೋಣ. ಕ್ರಮವಿಧಿಯನ್ನು ಬರೆದವನು ಎರಡು ನಿಯಮಗಳನ್ನು ವಿಧಿಸಿದ್ದಾನೆ: ರೈತನನ್ನು ಮುದ್ರಿಸುವಾಗ ಅವನ ಜಮೀನುಗಳನ್ನೆಲ್ಲ ಮುದ್ರಿಸು, ಜಮೀನನ್ನು ಮುದ್ರಿಸುವಾಗ ಅದರ ಒಡೆಯರನ್ನೆಲ್ಲ ಮುದ್ರಿಸು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸರಿಯಾದ ನಿಯಮಗಳೇ. ಆದರೆ ಗಣಕವು ಅಣ್ಣನಿಂದ ಜಮೀನಿಗೆ, ಜಮೀನಿನಿಂದ ಮರಳಿ ಅಣ್ಣನಿಗೆ ಸುತ್ತತೊಡಗುತ್ತದೆ. ತಮ್ಮನ ಸರದಿ ಬರುವುದೇ ಇಲ್ಲ. ಮುಗಿಯದ ಪ್ರತಿಯೊಂದು ಕೆಲಸವನ್ನೂ ಅದು ತನ್ನ ಸ್ಮೃತಿಯಲ್ಲಿ ಒಂದರ ಮೇಲೊಂದು ಪೇರಿಸಿಡುತ್ತದೆ. ಆ ಸ್ಥಳ ತುಂಬಿದೊಡನೆ ಕೆಲಸ ನಿಂತುಹೋಗುತ್ತದೆ. ರೈತನು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಇದಕ್ಕೆ ಪರಿಹಾರಗಳುಂಟು. ಮೊದಲನೆಯದು, ಒಂದು ಕಡೆಯನ್ನು ಮಾತ್ರ ವಿಸ್ತರಿಸುವುದು. ರೈತನ ಕೆಳಗೆ ಜಮೀನಿನ ಪೂರ್ಣ ವಿವರ ಬರಲಿ; ಜಮೀನಿನ ಕೆಳಗೆ ಒಡೆಯರ ಹೆಸರು ಮತ್ತು ಸಂಖ್ಯೆಯಷ್ಟೇ ಇರಲಿ. ಪಹಣಿಯಂತಹ ಪತ್ರಕ್ಕೆ ಇಂತಹ ಕ್ರಮವೇ ಸಾಕು. ಎರಡನೆಯದು, ಈಗಾಗಲೇ ಕಂಡವುಗಳ ಪಟ್ಟಿಯನ್ನಿಟ್ಟುಕೊಳ್ಳುವುದು. ಪ್ರತಿಯೊಂದು ದಾಖಲೆಗೂ ತನ್ನದೇ ಆದ ಸಂಖ್ಯೆಯಿರುತ್ತದೆ. ಅದು ಪಟ್ಟಿಯಲ್ಲಿದ್ದರೆ ಗಣಕವು ಒಳಹೊಗದೆ ಮುಂದೆ ಸಾಗುತ್ತದೆ. ಜಂಟಿ ಒಡೆತನದ ಜಾಡನ್ನು ಕೊನೆಯವರೆಗೂ ಹಿಡಿಯಬೇಕಾದಾಗ ಈ ಉಪಾಯವೇ ಯೋಗ್ಯ. ಮೂರನೆಯದು, ಇಷ್ಟೇ ಹಂತ ಎಂದು ಮಿತಿ ಹಾಕುವುದು. ಇದರಿಂದ ಸುತ್ತೇನೋ ನಿಲ್ಲುತ್ತದೆ. ಆದರೆ ಮಿತಿಯಾಚೆಗಿರುವ ನಿಜವಾದ ಮಾಹಿತಿಯೂ ಬಿಟ್ಟುಹೋಗಬಹುದು. ಆದುದರಿಂದ ಅದನ್ನು ಕಾವಲಾಗಿ ಮಾತ್ರ ಬಳಸುವುದು ಲೇಸು.

ದಾಖಲೆಯನ್ನು ತಿದ್ದುವಾಗಲೂ ಇದೇ ಅಪಾಯವಿದೆ. ತಾಲ್ಲೂಕಿನ ಲೆಕ್ಕ ಬದಲಾದರೆ ಜಿಲ್ಲೆಯದನ್ನು ತಿದ್ದು, ಜಿಲ್ಲೆಯದು ಬದಲಾದರೆ ತಾಲ್ಲೂಕಿನದನ್ನು ತಿದ್ದು ಎಂದು ವಿಧಿಸಿದರೆ, ಒಂದು ಮತ್ತೊಂದನ್ನು ಎಬ್ಬಿಸುತ್ತಲೇ ಇರುತ್ತದೆ. ಹೊಸ ಬೆಲೆಯೂ ಹಳೆಯ ಬೆಲೆಯೂ ಒಂದೇ ಆಗಿದ್ದರೆ ಬರೆಯದಿರುವುದು ಇಲ್ಲಿ ಮೊದಲ ಎಚ್ಚರಿಕೆ. ತಾಲ್ಲೂಕಿನ ಲೆಕ್ಕವನ್ನೇ ಮೂಲವೆಂದಿಟ್ಟು ಜಿಲ್ಲೆಯ ಮೊತ್ತವನ್ನು ಅದರಿಂದ ಕೂಡಿ ಪಡೆಯುವುದು ಇನ್ನೂ ಉತ್ತಮ.

ಹೀಗೆ, ಪರಸ್ಪರ ಸಂಬಂಧವು ದೋಷವಲ್ಲ. ಅಣ್ಣತಮ್ಮಂದಿರ ಜಂಟಿ ಒಡೆತನವನ್ನು ಗಣಕದ ಅನುಕೂಲಕ್ಕಾಗಿ ಅಳಿಸಲಾಗದು. ಬಂದ ದಾರಿಯನ್ನು ನೆನಪಿಡದೆ ನಡೆಯುವುದೇ ದೋಷ. ಹಳೆಯ ಲೆಕ್ಕದ ಪುಸ್ತಕದ ಹಾಳೆ ತಿರುವುತ್ತಿದ್ದವನು 'ಇದನ್ನು ಆಗಲೇ ನೋಡಿದೆ' ಎಂದು ತಾನೇ ನಿಲ್ಲುತ್ತಿದ್ದನು. ಎಲ್ಲಿ ನಿಲ್ಲಬೇಕೆಂಬ ಆ ಅರಿವನ್ನು ಯಂತ್ರಕ್ಕೆ ನಿಯಮವಾಗಿ ಬರೆದುಕೊಡುವುದು ಕ್ರಮವಿಧಿ ರಚಿಸುವವನ ಮೊದಲ ಹೊಣೆ.